ಸೀಟು ಹರಾಜು ಹಾಕಿ 'ಊರೊಟ್ಟಿನ ತೀರ್ಮಾನ' ಅನ್ನಬೇಡಿ

ಪಂಚಾಯಿತಿ ಚುನಾವಣೆ ಮಾತು ಬಂದಾಗಲೆಲ್ಲ ನಮ್ಮ ಕಡೆ ಒಂದು ವಾದ ಎದ್ದು ಕೂರುತ್ತದೆ. ಹೊಳಲಿನ ಟೀ ಅಂಗಡಿಯಿಂದ ಮಳವಳ್ಳಿ ಬಸ್ ಸ್ಟ್ಯಾಂಡಿನವರೆಗೆ ಎಲ್ಲಿ ಕೂತರೂ ಇದನ್ನು ಹೇಳುವವರು ಒಬ್ಬರಾದರೂ ಸಿಗುತ್ತಾರೆ. "ಎಲೆಕ್ಷನ್ ಅಂದ್ರೆ ಜಗಳ, ಹೆಂಡ, ಖರ್ಚು. ಅದರ ಬದ್ಲು ಸೀಟ್ನ ಹರಾಜ್ ಹಾಕುದ್ರೆ ದುಡ್ಡು ದೇವಸ್ಥಾನಕ್ಕಾದ್ರೂ ಹೋಯ್ತದೆ. ಊರೆಲ್ಲ ಒಪ್ಪಿರುವಾಗ ನಿಮ್ಗೇನ್ ಕಷ್ಟ ಸಾ?"

ನಮಗೆ ಕಷ್ಟ ಇದೆ. ಯಾಕೆ ಅಂತ ಹೇಳುತ್ತೇವೆ.

ಹೊಳಲಿನಲ್ಲಿ ಹರಾಜು ನಡೆದಿದೆ ಎಂದು ನಾವು ಹೇಳುತ್ತಿಲ್ಲ. ಆದರೆ 2020ರ ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ನಡೆದಾಗ ರಾಜ್ಯದ ಹಲವು ಕಡೆಯಿಂದ ಇಂಥ ಸುದ್ದಿ ಬಂತು, ಮೊಬೈಲಿನಲ್ಲಿ ವಿಡಿಯೊ ಓಡಾಡಿತು, ಕ್ರಮ ತೆಗೆದುಕೊಳ್ಳುತ್ತೇವೆ ಎಂದು ರಾಜ್ಯ ಚುನಾವಣಾ ಆಯೋಗವೇ ಎಚ್ಚರಿಸಬೇಕಾಯಿತು. ಅದಾದ ಮೇಲೂ ಈ ವಾದಕ್ಕೆ ಮರ್ಯಾದೆ ಕಡಿಮೆಯಾಗಿಲ್ಲ. ಯಾಕೆಂದರೆ ಅದು 'ಒಗ್ಗಟ್ಟು' ಅನ್ನುವ ಒಳ್ಳೆಯ ಅಂಗಿ ಹಾಕಿಕೊಂಡು ಓಡಾಡುತ್ತದೆ.

ಈ ಅಂಗಿಯನ್ನು ಇನ್ನೂರ ಅರವತ್ತು ವರ್ಷದ ಹಿಂದೆಯೇ ಬಿಚ್ಚಿ ನೋಡಿದವನೊಬ್ಬನಿದ್ದಾನೆ. ಹೆಸರು ಜಾನ್ ಜಾಕ್ ರೂಸೋ. 1712ರಲ್ಲಿ ಜಿನೀವಾದಲ್ಲಿ ಗಡಿಯಾರ ಮಾಡುವವನ ಮಗನಾಗಿ ಹುಟ್ಟಿದವನು. ಅಂದಿನ ಜಿನೀವಾ ರಾಜನಿಲ್ಲದ ಪುಟ್ಟ ಪಟ್ಟಣ. ಪೌರರೆಲ್ಲ ಸೇರುವ ಮಹಾಸಭೆ ಲೆಕ್ಕಕ್ಕೆ ಇತ್ತು. ಆದರೆ ನಿಜವಾದ ಕಾರುಬಾರು ಕೆಲವೇ ಸಿರಿವಂತ ಮನೆತನಗಳು ಕೂರುತ್ತಿದ್ದ ಸಣ್ಣ ಸಭೆಯದು. ಗ್ರಾಮಸಭೆ ಒಂದು ಕಡೆ, ಅರಳಿಕಟ್ಟೆಯ ನಾಲ್ಕು ಯಜಮಾನರು ಇನ್ನೊಂದು ಕಡೆ ಅಂದುಕೊಳ್ಳಿ, ನಿಮಗೆ ಅರ್ಥವಾಗುತ್ತದೆ.

1762ರಲ್ಲಿ ಅವನು 'ಸಾಮಾಜಿಕ ಒಪ್ಪಂದ' ಎಂಬ ಪುಸ್ತಕ ಬರೆದ. ಅವನ ಹುಟ್ಟೂರೇ ಅದನ್ನು ಸುಡಿಸಿತು, ಕೈಗೆ ಸಿಕ್ಕರೆ ಹಿಡಿಯಿರಿ ಎಂದು ಆಜ್ಞೆ ಹೊರಡಿಸಿತು. ಅಷ್ಟು ಉರಿ ಹತ್ತಿಸುವಂಥದ್ದು ಅದರಲ್ಲಿ ಏನಿತ್ತು? ಆಳುವ ಅಧಿಕಾರ ರಾಜನದ್ದಲ್ಲ, ಜನರದ್ದು ಎಂಬ ಮಾತಿತ್ತು. ಜೊತೆಗೆ ಇನ್ನೊಂದು ಮಾತು: ಆ ಅಧಿಕಾರವನ್ನು ಜನರು ಕೂಡ ಮಾರುವ ಹಾಗಿಲ್ಲ, ಬರೆದುಕೊಡುವ ಹಾಗಿಲ್ಲ. ಹೊಲ ಮಾರಬಹುದು, ಎತ್ತು ಮಾರಬಹುದು. ನನ್ನ ಪರವಾಗಿ ತೀರ್ಮಾನ ಮಾಡುವ ಹಕ್ಕನ್ನು ಮಾರಿದರೆ ಮಾರಿದವನು ಪೌರನಾಗಿ ಉಳಿಯುವುದಿಲ್ಲ.

ಹರಾಜು ಹಾಕುವವರು ಸುಮ್ಮನಿರುವುದಿಲ್ಲ. "ನಿಮ್ಮ ರೂಸೋನೇ 'ಸಮಷ್ಟಿಯ ಇಚ್ಛೆ' ದೊಡ್ಡದು ಅಂದಿದ್ದಾನಲ್ಲ, ಇಡೀ ಊರು ಒಂದೇ ಮಾತು ಹೇಳಿದರೆ ಅದೇ ತಾನೆ?" ಎಂದು ಓದಿದವರು ಕೇಳುತ್ತಾರೆ. ಇಲ್ಲ. ಎಲ್ಲರ ಸ್ವಂತ ಲಾಭ ಕೂಡಿಸಿದರೆ ಬರುವುದು ಬೇರೆ, ಊರಿಗೆ ಒಳ್ಳೆಯದು ಬೇರೆ ಎಂದು ಅವನೇ ಗೆರೆ ಎಳೆದಿದ್ದಾನೆ. ಎರಡನೆಯದು ಸಿಗಬೇಕಾದರೆ ಪ್ರತಿಯೊಬ್ಬರೂ ಗುಂಪಿಗೆ ಬೀಳದೆ ತಮಗನಿಸಿದ್ದನ್ನು ತಾವೇ ಹೇಳಬೇಕು. ಒಮ್ಮತದ ಬಗ್ಗೆ ಅವನು ಇನ್ನೂ ಖಾರವಾಗಿದ್ದಾನೆ. ಒಮ್ಮತ ಎರಡು ಕಡೆ ಕಾಣುತ್ತದಂತೆ: ಜನ ನಿಜವಾಗಿ ಒಂದಾಗಿರುವಲ್ಲಿ ಒಂದು, ಜನ ಗುಲಾಮರಾಗಿ ಹೆದರಿಕೆಯಿಂದಲೋ ಮುಲಾಜಿನಿಂದಲೋ ಜೈಕಾರ ಹಾಕುವಲ್ಲಿ ಇನ್ನೊಂದು.

ನಮ್ಮ ಹರಾಜು ಯಾವ ಕಡೆಯದು? ಕಟ್ಟೆಯ ಮೇಲೆ ಯಾರು ಕೂತಿರುತ್ತಾರೆ, ಯಾರು ನಿಂತಿರುತ್ತಾರೆ ನೋಡಿದರೆ ಸಾಕು. ಹೆಂಗಸರು ಅಲ್ಲಿಗೆ ಬರುವುದಿಲ್ಲ. ಕಾಲೋನಿಯವರಿಗೆ ತೀರ್ಮಾನ ಆದ ಮೇಲೆ ಸುದ್ದಿ ಮುಟ್ಟುತ್ತದೆ. ಯಜಮಾನರ ಗದ್ದೆಯಲ್ಲಿ ಕೂಲಿ ಮಾಡುವವನು, ಅವರಿಂದಲೇ ಸಾಲ ತಂದವನು, "ನಂಗೆ ಒಪ್ಗೆ ಇಲ್ಲ" ಎಂದು ಅಲ್ಲಿ ನಿಂತು ಹೇಳಲು ಸಾಧ್ಯವೇ? ಗುಟ್ಟಿನ ಮತದಾನ ಇರುವುದೇ ಅವನಿಗಾಗಿ. ಆ ಪರದೆಯ ಹಿಂದಿನ ಅರ್ಧ ನಿಮಿಷ ಅವನು ಯಾರ ಮುಲಾಜಿಗೂ ಬೀಳಬೇಕಾಗಿಲ್ಲ. ಹರಾಜು ಕಿತ್ತುಕೊಳ್ಳುವುದು ಆ ಅರ್ಧ ನಿಮಿಷವನ್ನು.

ಇನ್ನು ದುಡ್ಡಿನ ಲೆಕ್ಕ. ಪಂಚಾಯಿತಿಗೆ ನಿಲ್ಲಲು ಸರ್ಕಾರ ಕೇಳುವ ಠೇವಣಿ ನೂರಿನ್ನೂರು ರೂಪಾಯಿಯ ಮಾತು. ಬಡವನೂ ನಿಲ್ಲಲಿ ಎಂದೇ ಅದು ಅಷ್ಟು ಕಡಿಮೆ. ಹರಾಜಿನಲ್ಲಿ ಕೂಗು ಲಕ್ಷದಲ್ಲಿ ನಡೆಯುತ್ತದೆ. ಇನ್ನೊಬ್ಬನನ್ನು ಕೊಳ್ಳುವಷ್ಟು ಶ್ರೀಮಂತ ಯಾರೂ ಇರಬಾರದು, ತನ್ನನ್ನೇ ಮಾರಿಕೊಳ್ಳುವಷ್ಟು ಬಡವ ಯಾರೂ ಇರಬಾರದು ಎಂಬುದು ರೂಸೋನ ಲೆಕ್ಕಾಚಾರ. ಲಕ್ಷಗಟ್ಟಲೆ ಸುರಿದು ಸದಸ್ಯನಾದವನು ಆಮೇಲೆ ಏನು ಮಾಡುತ್ತಾನೆ? ಕಬ್ಬು ಕಡಿದಾದ ಮೇಲೆ ಫ್ಯಾಕ್ಟರಿ ಬಿಲ್ಲಿಗೆ ಕಾಯುವ ರೈತನ ಹಾಗೆ ಕಾಯುವುದಿಲ್ಲ ಅವನು. ಚರಂಡಿ ಬಿಲ್ಲಿದೆ, ಬೀದಿದೀಪದ ಬಿಲ್ಲಿದೆ, ಮನೆ ಪಟ್ಟಿಯಿದೆ. ಹೆಸರು ಸೇರಿಸಲು ಇಷ್ಟು ಎಂದು ಅವನು ಕೇಳಿದರೆ ಯಾವ ಬಾಯಲ್ಲಿ ಬೈಯುತ್ತೀರಿ? ಅವನು ಕೊಂಡಿದ್ದಾನೆ, ನೀವು ಮಾರಿದ್ದೀರಿ.

ರೂಸೋನನ್ನು ದೇವರು ಮಾಡಲು ನಾವು ಹೊರಟಿಲ್ಲ. ಮಕ್ಕಳನ್ನು ಹೇಗೆ ಬೆಳೆಸಬೇಕೆಂದು ದಪ್ಪ ಪುಸ್ತಕ ಬರೆದ ಈ ಮಹಾನುಭಾವ ತನ್ನ ಐದು ಮಕ್ಕಳನ್ನು ಅನಾಥಾಲಯಕ್ಕೆ ಬಿಟ್ಟುಬಂದ. ಹೆಂಗಸರು ಗಂಡಸರನ್ನು ಮೆಚ್ಚಿಸಲು ಇರುವವರು ಎಂದು ಬರೆದ, 1792ರಲ್ಲಿ ಇಂಗ್ಲೆಂಡಿನ ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಅದಕ್ಕೆ ಸರಿಯಾಗಿ ಬಿಸಿ ಮುಟ್ಟಿಸಿದಳು. ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಮಹಿಳೆಯರಿಗೆ ಮೀಸಲು. ಆ ಲೆಕ್ಕದಲ್ಲಿ ನಾವು ಅವನಿಗಿಂತ ಮುಂದಿದ್ದೇವೆ. ಹರಾಜಿನಲ್ಲಿ ಆ ಸೀಟಿಗೂ ಗಂಡನೇ ಕೂಗುವುದು, ಅದು ಬೇರೆ ಮಾತು.

ಇದೆಲ್ಲ ಪರದೇಶದ ಸರಕು, ನಮ್ಮ ಜಿಲ್ಲೆಗೆ ಸಂಬಂಧವಿಲ್ಲ ಎನ್ನುವವರಿಗೆ ಒಂದು ಮಾತು. ಬ್ರಿಟಿಷರು 1799ರಲ್ಲಿ ಶ್ರೀರಂಗಪಟ್ಟಣ ಗೆದ್ದ ಮೇಲೆ ಅಲ್ಲಿ ಸಿಕ್ಕಿದವು ಎಂದು ಕೆಲವು ಕಾಗದಗಳನ್ನು ಅಚ್ಚು ಹಾಕಿಸಿದರು. 1797ರಲ್ಲಿ ಟಿಪ್ಪುವಿನ ಬಳಿಯಿದ್ದ ಫ್ರೆಂಚರು ಅಲ್ಲಿ ಕ್ಲಬ್ಬು ಕಟ್ಟಿ 'ಸ್ವಾತಂತ್ರ್ಯದ ಮರ' ನೆಟ್ಟರು ಎಂದು ಅವುಗಳಲ್ಲಿದೆ. ಆ ಕಾಗದಗಳನ್ನು ಎಷ್ಟು ನಂಬಬೇಕೆಂದು ಇತಿಹಾಸಕಾರರು ಇನ್ನೂ ಜಗಳವಾಡುತ್ತಾರೆ. ಅದನ್ನು ಬಿಡಿ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ನಿಷೇಧಾಜ್ಞೆ ಮುರಿದು ಧ್ವಜ ಹಾರಿಸಿದವರ ಬಗ್ಗೆ ಯಾರಿಗೂ ಅನುಮಾನವಿಲ್ಲ. ಅವರಲ್ಲಿ ಎಷ್ಟು ಜನ ರೂಸೋನ ಹೆಸರು ಕೇಳಿದ್ದರೋ. ಅವರ ಹೋರಾಟ ಜನರಿಗೆ ಉತ್ತರ ಕೊಡುವ ಸರ್ಕಾರಕ್ಕಾಗಿ. ಅಂಬೇಡ್ಕರ್ ಅಂತೂ 1954ರ ರೇಡಿಯೊ ಭಾಷಣದಲ್ಲಿ, ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ತಮಗೆ ಬಂದದ್ದು ಫ್ರಾನ್ಸಿನಿಂದಲ್ಲ, ಬುದ್ಧನಿಂದ ಎಂದು ಹೇಳಿಬಿಟ್ಟರು. ಎಲ್ಲಿಂದ ಬಂದರೂ ಸರಿ, ಮೂರರಲ್ಲಿ ಯಾವುದೂ ಹರಾಜಿನ ಕಟ್ಟೆಯ ಮೇಲೆ ಉಳಿಯುವುದಿಲ್ಲ.

ಅವಿರೋಧ ಆಯ್ಕೆಯೇ ತಪ್ಪು ಎನ್ನುತ್ತಿಲ್ಲ. ಊರಿಗೆ ದುಡಿದವರೊಬ್ಬರ ಎದುರು ಯಾರಿಗೂ ನಿಲ್ಲಬೇಕು ಅನಿಸದಿದ್ದರೆ ಸಂತೋಷ. ನಿಲ್ಲಬೇಕೆಂದವನನ್ನು ಕೂರಿಸಿ, ಅವನ ಅರ್ಜಿ ವಾಪಸ್ ತೆಗೆಸಿ, ದಂಡ ಹಾಕುತ್ತೇವೆ ಎಂದು ಹೆದರಿಸಿ ಆಗುವ 'ಅವಿರೋಧ'ದ ಮಾತು ಬೇರೆ. ಅದು ಕಾನೂನಿನ ಕಣ್ಣಲ್ಲೂ ತಪ್ಪು. ತಹಶೀಲ್ದಾರರಿಗೆ, ಜಿಲ್ಲಾ ಚುನಾವಣಾಧಿಕಾರಿಯಾದ ಡೀಸಿಗೆ ದೂರು ಕೊಡಬಹುದು. ನಿಮ್ಮ ಕೈಯಲ್ಲಿರುವ ಈ ಫೋನಿನಲ್ಲೇ ರೆಕಾರ್ಡ್ ಆಗುತ್ತದೆ.

ದೇವಸ್ಥಾನದ ಗೋಪುರ ಅರ್ಧಕ್ಕೆ ನಿಂತಿದೆ, ಅದೂ ನಿಜವೇ. ಚಂದಾ ಎತ್ತಿ. ನಾವೂ ಕೊಡುತ್ತೇವೆ. ರಸೀದಿ ಮಾತ್ರ ಹರಿದು ಕೊಡಿ.