ನೀರುಗಂಟಿಯ ಮಗಳ ಇಂಗ್ಲಿಷು

ಕಳೆದ ವರ್ಷ ಒಂದು ವಿಶ್ವವಿದ್ಯಾಲಯದ ಕಲೋಕ್ವಿಯಂಗೆ ಕೇಳುಗನಾಗಿ ಹೋಗಿದ್ದೆ. ಥೀಸಿಸ್ ಸಲ್ಲಿಸುವುದಕ್ಕೆ ಮುಂಚೆ ವಿಭಾಗದವರೆಲ್ಲರ ಎದುರು ಕೆಲಸ ಒಪ್ಪಿಸುವ ದಿನ ಅದು. ಬಿ.ಎ.ವರೆಗೂ ಕನ್ನಡದಲ್ಲೇ ಓದಿದ್ದ ಒಬ್ಬ ಹುಡುಗಿ ಎದ್ದು ನಿಂತಳು. ಅವಳ ಅಪ್ಪ ಊರ ಕೆರೆಯ ನೀರುಗಂಟಿ. ಕೆರೆ ನೀರಿನ ಹಂಚಿಕೆಯ ಮೇಲೆ ಅವಳು ಐದು ವರ್ಷ ದುಡಿದಿದ್ದಳು. ಮೂವತ್ತೆಂಟು ಸ್ಲೈಡು, ಒಂದೊಂದರಲ್ಲೂ ಹತ್ತು ಹನ್ನೆರಡು ಸಾಲು ಇಂಗ್ಲಿಷು. ಪರದೆಯ ಕಡೆ ಮುಖ ಮಾಡಿ ಓದಲು ಶುರು ಮಾಡಿದವಳು ನಮ್ಮ ಕಡೆ ತಿರುಗಲೇ ಇಲ್ಲ. ಗಂಟಲು ಒಣಗುತ್ತಿತ್ತು. ನೀರುಗಂಟಿ 'ಪ್ಲೇಸ್ ಎ ಪಿವಟಲ್ ರೋಲ್' ಎಂಬ ಮಾತು ಆರು ಕಡೆ ಬಂತು.

ಮುಗಿದ ಮೇಲೆ ಹಿರಿಯ ಮೇಷ್ಟ್ರೊಬ್ಬರು ಕನ್ನಡದಲ್ಲೇ ಕೇಳಿದರು: ತೂಬು ಯಾವಾಗ ಎತ್ತಬೇಕು ಅಂತ ತೀರ್ಮಾನ ಮಾಡೋರು ಯಾರಮ್ಮ?

ಹುಡುಗಿ ಪರದೆ ಬಿಟ್ಟು ಈ ಕಡೆ ತಿರುಗಿದಳು. "ಕೆರೆ ತುಂಬಿದ ವರ್ಷ ನೀರುಗಂಟಿ ಯಾರಿಗೂ ಬೇಕಾಗಿರಲ್ಲ ಸಾರ್. ನೀರು ಕಮ್ಮಿಯಾದ ವರ್ಷವೇ ಅವನ ಮಾತು ನಡೆಯೋದು. ಈಗ ಕಮ್ಮಿಯಾದ ವರ್ಷವೂ ಕೊಳವೆಬಾವಿ ಇರೋರು ತೂಬಿನ ಹತ್ರ ಬರಲ್ಲ. ಅವರು ಬರದೇ ಹೋದ ಮೇಲೆ ಮಿಕ್ಕವರೂ ಅವನ ಮಾತು ಕೇಳಲ್ಲ." ನಾಲ್ಕು ನಿಮಿಷ ಮಾತಾಡಿದಳು. ಯಾವ ಅಚ್ಚುಕಟ್ಟಿನಲ್ಲಿ ಎಷ್ಟು ಮನೆ, ಯಾವ ವರ್ಷ ಯಾವ ಗದ್ದೆ ಒಣಗಿತು ಎಲ್ಲವೂ ಬಾಯಲ್ಲೇ ಇತ್ತು. ನೀರಿನ ಅಭಾವವೇ ನೀರುಗಂಟಿಗೆ ಅಧಿಕಾರ ಕೊಡುತ್ತಿತ್ತು, ಕೊಳವೆಬಾವಿ ಆ ಅಭಾವವನ್ನು ಕೆಲವರಿಗೆ ಮಾತ್ರ ಇಲ್ಲವಾಗಿಸಿತು ಎಂಬುದು ಅವಳ ಐದು ವರ್ಷದ ಫಲ. ಮೂವತ್ತೆಂಟು ಸ್ಲೈಡುಗಳಲ್ಲಿ ಅದು ಒಂದು ಕಡೆಯೂ ಇರಲಿಲ್ಲ.

ಕೊನೆಗೆ ಅವಳಿಗೆ ಸಿಕ್ಕ ಲಿಖಿತ ಸಲಹೆ ಒಂದೇ ಸಾಲಿನದು: ಭಾಷೆ ಸುಧಾರಿಸಬೇಕು.

ಆ ಸಾಲು ನನ್ನನ್ನು ಈವರೆಗೂ ಬಿಟ್ಟಿಲ್ಲ. ಅದನ್ನು ಬರೆದವರಿಗೆ ಕೆಟ್ಟ ಉದ್ದೇಶ ಇರಲಿಲ್ಲ, ಮಾತೂ ಸುಳ್ಳಲ್ಲ. ಆದರೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಸಾವಿರಾರು ಹುಡುಗ ಹುಡುಗಿಯರ ಥೀಸಿಸ್‌ಗಳ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬೀಳುವ ಆ ಮಾತನ್ನು ಅವರು ಕೇಳಿಸಿಕೊಳ್ಳುವುದು 'ನಿನಗೆ ವ್ಯಾಕರಣ ಬರುವುದಿಲ್ಲ' ಎಂದು. ಹಾಗಾಗಿ ಸ್ಪೋಕನ್ ಇಂಗ್ಲಿಷ್ ತರಗತಿಗೆ ದುಡ್ಡು ಕಟ್ಟುತ್ತಾರೆ, ಟೆನ್ಸು ಬಾಯಿಪಾಠ ಮಾಡುತ್ತಾರೆ, ಈಚೆಗೆ ಯಂತ್ರದ ಕೈಗೆ ಕೊಟ್ಟು ತಿದ್ದಿಸುತ್ತಾರೆ. ಯಂತ್ರ ತಿದ್ದಿಕೊಟ್ಟ ಪುಟದಲ್ಲಿ ವ್ಯಾಕರಣದ ತಪ್ಪು ಸಿಗುವುದಿಲ್ಲ. ಪಿವಟಲ್ ರೋಲ್ ಮಾತ್ರ ಆರರ ಬದಲು ಹತ್ತು ಕಡೆ ಇರುತ್ತದೆ. ನೀರುಗಂಟಿಯ ಮಾತು ಯಾವ ವರ್ಷ ಬಿದ್ದುಹೋಯಿತೆಂದು ಅದಕ್ಕೆ ತಿಳಿಯದು. ಅದು ತಿಳಿದಿರುವುದು ಅವಳಿಗೆ.

ಆಮೇಲೆ ಕೆಲವು ವಾರ ಅವಳ ಅಧ್ಯಾಯಗಳನ್ನು ಜೊತೆಯಲ್ಲಿ ಕೂತು ಓದಿದೆ. ನಾನು ಇಂಗ್ಲಿಷ್ ಪ್ರಾಧ್ಯಾಪಕನಲ್ಲ, ಮೂವತ್ತು ವರ್ಷ ಬೇರೆಯವರ ವಾಕ್ಯ ತಿದ್ದಿದವನು. ಆ ಓದಿನಲ್ಲಿ ನನಗೆ ಹೊಳೆದದ್ದು, ಅವಳ ಇಂಗ್ಲಿಷಿನ ತೊಡಕುಗಳಿಗೆ ಕನ್ನಡವೇ ಕಾರಣ, ಆ ತೊಡಕು ಬಿಡಿಸುವ ಕೀಲಿಯೂ ಕನ್ನಡದಲ್ಲೇ ಇದೆ.

ನಮ್ಮ ವಾಕ್ಯದ ನಡಿಗೆಯನ್ನೇ ನೋಡಿ. ಕೆರೆಗೆ ಹೋಗಿ, ತೂಬು ನೋಡಿ, ಅಳತೆ ತಗೊಂಡು, ಊರವರನ್ನು ಮಾತಾಡಿಸಿ ಬಂದೆ. ಇಷ್ಟು ಕೆಲಸಕ್ಕೆ ಪೂರ್ಣ ಕ್ರಿಯಾಪದ ಒಂದೇ, ಅದೂ ಕಟ್ಟಕಡೆಗೆ. ಕೇಳುವವನು ಕೊನೆಯವರೆಗೂ ಕಾಯುತ್ತಾನೆ. ಕಾಯುವುದು ಕನ್ನಡದ ಕಿವಿಗೆ ರೂಢಿ. ಇಂಗ್ಲಿಷ್ ಓದುಗ ಅಷ್ಟು ಹೊತ್ತು ಕಾಯುವುದಿಲ್ಲ. ಯಾರು, ಏನು ಮಾಡಿದರು ಎಂಬುದು ಅವನಿಗೆ ವಾಕ್ಯದ ತಲೆಯಲ್ಲೇ ಬೇಕು. ನಮ್ಮ ಹುಡುಗಿಯ ವಾಕ್ಯಗಳು ಐವತ್ತು ಪದ ನಡೆದು ಕೊನೆಗೆ ಕ್ರಿಯಾಪದ ಸಿಗದೆ ನಿಂತುಬಿಡುತ್ತಿದ್ದವು. ಅವಳಿಗೆ ಹೇಳಿದ್ದಿಷ್ಟೇ: ಇದನ್ನು ಕನ್ನಡದಲ್ಲಿ ಹೇಳಿದರೆ ಕೊನೆಗೆ ಬರುವ ಕ್ರಿಯಾಪದ ಯಾವುದು, ಹುಡುಕು. ಅದನ್ನು ಎತ್ತಿ ಕರ್ತೃವಿನ ಪಕ್ಕ ಕೂರಿಸು. ಉಳಿದದ್ದು ಹಿಂದೆ ಬರಲಿ, ಅಥವಾ ಬೇರೆ ವಾಕ್ಯವಾಗಲಿ. ಒಂದು ವಾರದಲ್ಲಿ ಅರ್ಧದಷ್ಟು ತೊಡಕು ಬಿಚ್ಚಿಕೊಂಡಿತು.

'ಎ' ಮತ್ತು 'ದಿ' ನಮ್ಮವರನ್ನು ಕಾಡುವಷ್ಟು ಬೇರೇನೂ ಕಾಡುವುದಿಲ್ಲ. ಕನ್ನಡದಲ್ಲಿ ಅಂಥವಿಲ್ಲ ಎಂದು ಸುಮ್ಮನಾಗುತ್ತೇವೆ. ಆದರೆ 'ಪುಸ್ತಕ ಓದಿದೆ' ಎನ್ನುವುದಕ್ಕೂ 'ಪುಸ್ತಕವನ್ನು ಓದಿದೆ' ಎನ್ನುವುದಕ್ಕೂ ವ್ಯತ್ಯಾಸ ಯಾರಿಗೆ ತಿಳಿಯದು? ಎರಡನೆಯದರಲ್ಲಿ ನಮ್ಮಿಬ್ಬರಿಗೂ ಗೊತ್ತಿರುವ ಯಾವುದೋ ಒಂದು ಪುಸ್ತಕದ ಸುಳಿವಿದೆ. ಇಂಗ್ಲಿಷಿನ 'ದಿ' ಮಾಡುವ ಕೆಲಸಕ್ಕೆ ಇದು ಹತ್ತಿರದ್ದು. ಪೂರ್ತಿ ಹೊಂದುವುದಿಲ್ಲ, ನಿಜ. ಆದರೂ ಹಿಡಿದು ನಡೆಯಲು ಗೋಡೆಯೊಂದು ಸಿಕ್ಕಂತಾಗುತ್ತದೆ.

ಇದಕ್ಕಿಂತ ದೊಡ್ಡದು 'ಅಂತೆ'. ಮಳೆ ಬಂತು. ಮಳೆ ಬಂತಂತೆ. ಮಳೆ ಬಂದಿರಬೇಕು. ಮಳೆ ಬಂದಿರಬಹುದು. ಮಳೆ ಬಂತೇನೋ. ತಾನು ಕಂಡದ್ದು, ಇನ್ನೊಬ್ಬರು ಹೇಳಿದ್ದು, ಗುರುತು ನೋಡಿ ಊಹಿಸಿದ್ದು, ಬರೀ ಸಾಧ್ಯತೆ, ಬರೀ ಅನುಮಾನ ಎಲ್ಲವನ್ನೂ ಕನ್ನಡ ಬಾಲಕ್ಕೊಂದು ಚೂರು ಸೇರಿಸಿ ಬೇರೆ ಬೇರೆ ಮಾಡುತ್ತದೆ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೂ ಇದರಲ್ಲಿ ತಪ್ಪುವುದಿಲ್ಲ. ಶಾಸ್ತ್ರೀಯ ಇಂಗ್ಲಿಷ್ ಬರವಣಿಗೆಯಲ್ಲಿ ಕಲಿಯಲು ಅತಿ ಕಷ್ಟವೆನ್ನುವ ವಿದ್ಯೆ ಇದೇ: ಎಷ್ಟು ಗಟ್ಟಿಯಾಗಿ ಹೇಳಬೇಕು, ಎಲ್ಲಿ 'ಸಜೆಸ್ಟ್ಸ್', ಎಲ್ಲಿ 'ಮೇ', ಎಲ್ಲಿ 'ಅಪಿಯರ್ಸ್ ಟು', ಎಲ್ಲಿ ಇನ್ನೊಬ್ಬರ ಹೆಸರು. ನಮ್ಮ ಹುಡುಗರು ಇಂಗ್ಲಿಷಿಗೆ ಹೋದ ಕೂಡಲೇ ಅಜ್ಜಿಯಿಂದ ಬಂದ ಈ ವಿವೇಕವನ್ನು ಹೊಸ್ತಿಲಾಚೆ ಬಿಟ್ಟು 'ಇಟ್ ಇಸ್ ಪ್ರೂವ್ಡ್' ಎಂದು ಬರೆಯುತ್ತಾರೆ.

ಅವಳ ಒಂದು ಅಧ್ಯಾಯವನ್ನು ಕನ್ನಡಕ್ಕೆ ತರಲು ಹೇಳಿದೆ. ಷರತ್ತು ಒಂದೇ: ಕಣ್ಣಾರೆ ಕಂಡದ್ದಕ್ಕೆ 'ಬಂತು', ಓದಿದ್ದಕ್ಕೆ, ಕೇಳಿದ್ದಕ್ಕೆ 'ಬಂತಂತೆ', ತಾನೇ ತರ್ಕಿಸಿದ್ದಕ್ಕೆ 'ಬಂದಿರಬೇಕು'. ಮೂರು ದಿನ ಬಿಟ್ಟು ಬಂದಳು. ಅರ್ಧಕ್ಕಿಂತ ಹೆಚ್ಚು ವಾಕ್ಯಗಳು ಅಂತೆಯಲ್ಲಿ ಮುಗಿದಿದ್ದವು. ಯಾರು ಹೇಳಿದರಂತೆ ಎಂದು ಕೇಳಿದರೆ ಹಲವಕ್ಕೆ ಅವಳ ಬಳಿ ಉತ್ತರ ಇರಲಿಲ್ಲ. ಅಡಿಟಿಪ್ಪಣಿ ಬೀಳಬೇಕಾದ ಜಾಗಗಳು ಅವೇ. ತನ್ನ ಸ್ವಂತ 'ಬಂತು'ಗಳು ಪುಟಕ್ಕೆ ಎರಡು ಮೂರಷ್ಟೇ ಇವೆಯೆಂದು ಅವಳೇ ಎಣಿಸಿ ಹೇಳಿದಳು, ಹೇಳುವಾಗ ಮುಖ ಸಣ್ಣಗಾಗಿತ್ತು. ಐದು ವರ್ಷ ಕೆರೆ ಏರಿಯ ಮೇಲೆ ಓಡಾಡಿದ ಮಗು ತನ್ನ ಥೀಸಿಸ್‌ನಲ್ಲಿ ತಾನೇ ಇರಲಿಲ್ಲ.

ಕೃತಿಚೌರ್ಯದ ಭಯವೂ ಇಲ್ಲಿಗೇ ಬಂದು ಸೇರುತ್ತದೆ. ಯುಜಿಸಿಯ 2018ರ ನಿಯಮದ ಪ್ರಕಾರ ಥೀಸಿಸ್‌ನಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲ. 40ರವರೆಗೆ ತಿದ್ದಿ ಕೊಡಬೇಕು, 60 ದಾಟಿದರೆ ನೋಂದಣಿಯೇ ರದ್ದು. ನಿಯಮ ಬೇಕಾಗಿತ್ತು. ಆದರೆ ಅದರ ಹೆದರಿಕೆಯಲ್ಲಿ ಹುಡುಗರು ಕಲಿತದ್ದು ಇನ್ನೊಬ್ಬರ ವಾಕ್ಯದಲ್ಲಿ ನಾಲ್ಕು ಪದ ಬದಲಿಸಿ ತಂತ್ರಾಂಶದ ಕಣ್ಣು ತಪ್ಪಿಸುವುದನ್ನು. ಪಿಎಚ್.ಡಿ.ಗೆ ಸೇರಿದವರೆಲ್ಲ ಓದಲೇಬೇಕಾದ ಸಂಶೋಧನಾ ನೀತಿಯ ಕೋರ್ಸು 30 ಗಂಟೆಯದು. ನೀತಿಯ ಜೊತೆಗೆ ಬರೆಯುವುದನ್ನೂ ಕೈಹಿಡಿದು ಕಲಿಸುವ ಇನ್ನೊಂದು 30 ಗಂಟೆ ಮೊದಲ ವರ್ಷದಲ್ಲೇ ಏಕಿರಬಾರದು? ಎಷ್ಟೋ ಕಡೆ ಗೈಡು ವಿದ್ಯಾರ್ಥಿಯ ಬರವಣಿಗೆಯನ್ನು ಮೊದಲ ಬಾರಿಗೆ ನೋಡುವುದು ನಾಲ್ಕನೆಯ ವರ್ಷದಲ್ಲಿ, ಇನ್ನೂರೈವತ್ತು ಪುಟ ಒಟ್ಟಿಗೆ. ಅಷ್ಟು ಹೊತ್ತಿಗೆ ಕಾಲ ಮಿಂಚಿರುತ್ತದೆ.

ಪೀಠಿಕೆಯ ಅಧ್ಯಾಯದ ಬಗ್ಗೆ ಒಂದು ಮಾತು. ಇಂಗ್ಲಿಷ್ ಸಂಶೋಧನಾ ಲೇಖನಗಳ ಪೀಠಿಕೆಗಳನ್ನು ಬಿಡಿಸಿ ನೋಡಿದ ಜಾನ್ ಸ್ವೇಲ್ಸ್ 1990ರ ತಮ್ಮ ಪುಸ್ತಕದಲ್ಲಿ ಮೂರು ಹೆಜ್ಜೆ ಗುರುತಿಸಿದರು: ಮೊದಲು ಹೊಲದ ಎಲ್ಲೆ ತೋರಿಸು, ಆಮೇಲೆ ಅದರಲ್ಲಿ ಬೀಳು ಬಿದ್ದ ತುಂಡು ತೋರಿಸು, ಆಮೇಲೆ ಅಲ್ಲಿ ನೇಗಿಲು ಹೂಡು. (ಹೊಲದ ರೂಪಕ ನನ್ನದು, ಹೆಜ್ಜೆಗಳು ಅವರವು.) ನಮ್ಮಲ್ಲಿ ಬಹುಪಾಲು ಥೀಸಿಸ್‌ಗಳು ಎರಡನೆಯ ಹೆಜ್ಜೆಯನ್ನೇ ಇಡುವುದಿಲ್ಲ. ಅನಾದಿ ಕಾಲದಿಂದ ಮನುಷ್ಯನಿಗೆ ನೀರು ಅಗತ್ಯ ಎಂದು ಶುರುವಾಗಿ, ಇಂಥವರು ಹೀಗೆಂದರು ಅಂಥವರು ಹಾಗೆಂದರು ಎಂದು ನಲವತ್ತು ಪುಟ ಸಾಗುತ್ತವೆ. ಹಿರಿಯರ ಮಾತಿನಲ್ಲಿ ಕೊರತೆ ಇದೆ ಎನ್ನಲು ಮಕ್ಕಳಿಗೆ ಅಳುಕು. ನಮ್ಮ ಶಾಸ್ತ್ರಕಾರರಿಗೆ ಆ ಅಳುಕು ಇರಲಿಲ್ಲ. ಎದುರಾಳಿಯ ವಾದವನ್ನು ಪೂರ್ವಪಕ್ಷವಾಗಿ ನ್ಯಾಯವಾಗಿ ಮಂಡಿಸಿ, ಅದು ಎಲ್ಲಿ ನಿಲ್ಲದು ಎಂದು ತೋರಿಸಿದ ಮೇಲೆಯೇ ಸಿದ್ಧಾಂತಕ್ಕೆ ಕೈ ಹಾಕುತ್ತಿದ್ದರು. ಪೂರ್ವಪಕ್ಷ ಎಂಬ ಪದ ಹೇಳಿದ್ದೇ ತಡ, ನಮ್ಮ ಹುಡುಗಿಗೆ ಲಿಟರೇಚರ್ ರಿವ್ಯೂ ಎಂದರೇನೆಂದು ಹೊಳೆಯಿತು. ಅದುವರೆಗೆ ಯಾರೂ ಅವಳಿಗೆ ಹಾಗೆ ಹೇಳಿರಲಿಲ್ಲ.

ಇನ್ನು ಎದುರು ನಿಂತು ಹೇಳುವ ವಿದ್ಯೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯ 2008ರಲ್ಲಿ ಒಂದು ಸ್ಪರ್ಧೆ ಆರಂಭಿಸಿತು: ಇಡೀ ಥೀಸಿಸ್ ಅನ್ನು ಮೂರು ನಿಮಿಷದಲ್ಲಿ, ಒಂದೇ ಸ್ಲೈಡಿನಲ್ಲಿ, ಆ ವಿಷಯ ತಿಳಿಯದವರಿಗೂ ಅರ್ಥವಾಗುವಂತೆ ಹೇಳಬೇಕು. ಆ ಕಲ್ಪನೆ ಹುಟ್ಟಿದ್ದು ಬರಗಾಲದಲ್ಲಿ. ನೀರು ಉಳಿಸಲೆಂದು ಅಲ್ಲಿನ ಜನ ಸ್ನಾನದ ಮನೆಯ ಗೋಡೆಗೆ ಮೂರು ನಿಮಿಷದ ಮರಳು ಗಡಿಯಾರ ಅಂಟಿಸಿಕೊಂಡಿದ್ದರಂತೆ; ಅದರಿಂದ ಈ ಅಳತೆ. ಈಗ ಹಲವು ದೇಶಗಳಲ್ಲಿ ನಡೆಯುತ್ತದೆ. ಒಳ್ಳೆಯ ಕ್ರಮ, ನಮ್ಮಲ್ಲೂ ಪ್ರತಿ ವಿಭಾಗದಲ್ಲಿ ವರ್ಷಕ್ಕೊಮ್ಮೆ ನಡೆಯಲಿ.

ಆದರೆ ಕರಾವಳಿಯಲ್ಲಿ ತಾಳಮದ್ದಲೆ ಕೇಳಿ ಬೆಳೆದ ಹುಡುಗನಿಗೆ ಈ ಪಾಠ ಹೊರಗಿನಿಂದ ಬರಬೇಕಾಗಿಲ್ಲ. ಅರ್ಥಧಾರಿಯ ಕೈಯಲ್ಲಿ ಕಾಗದವಿಲ್ಲ, ವೇಷವಿಲ್ಲ, ಬಣ್ಣವಿಲ್ಲ. ಪದ್ಯ ಮುಗಿದ ಕೂಡಲೇ ಪಾತ್ರದ ವಾದವನ್ನು ಆಗಿಂದಾಗಲೇ ಕಟ್ಟಬೇಕು. ಎದುರಿನ ಅರ್ಥಧಾರಿ ಕೇಳುವ ಪ್ರಶ್ನೆಗೆ ಅಲ್ಲೇ ಉತ್ತರ ಕೊಡಬೇಕು. ವೈವಾ ಎಂದರೆ ಇದೇ ತಾನೆ? ಗಮಕದಲ್ಲೂ ವಾಚನ ಒಬ್ಬರದು, ವ್ಯಾಖ್ಯಾನ ಇನ್ನೊಬ್ಬರದು. ಸ್ಲೈಡು ವಾಚನದ ಜಾಗದಲ್ಲಿರಲಿ. ನಾಲ್ಕು ಪದ, ಒಂದು ಚಿತ್ರ, ಒಂದು ಕೋಷ್ಟಕ ಸಾಕು. ನಿಂತವರು ವ್ಯಾಖ್ಯಾನ ಮಾಡಲಿ. ನಾಲಿಗೆಯ ಮೇಲೆ ಊರಿನ ಉಚ್ಚಾರಣೆ ಇದ್ದರೆ ಇರಲಿ, ಅದಕ್ಕೆ ನಾಚಬೇಕಾದವರು ಯಾರೂ ಇಲ್ಲ.

ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರ ಕತೆಯನ್ನು ನಾನು ಅವಳಿಗೆ ಹೇಳಿದೆ. 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿದ್ದು ಟಿಪ್ಪಣಿ ಮಾಡಿಕೊಂಡಿದ್ದರು. ವರ್ಷಗಟ್ಟಲೆ ಅವನ್ನು ಕ್ರಮಪಡಿಸಿ, ಮೂರು ಪ್ರತಿ ಮಾಡಿಟ್ಟುಕೊಂಡಿದ್ದರು. 1970ರ ಏಪ್ರಿಲ್‌ನಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಆ ಮೂರೂ ಪ್ರತಿಗಳು ಸಿಕ್ಕಿದವು. ಬಹುಪಾಲು ನೆನಪಿನಿಂದಲೇ ಪುಸ್ತಕ ಬರೆದರು. 1976ರಲ್ಲಿ ಇಂಗ್ಲಿಷಿನಲ್ಲಿ ಬಂದ 'ದಿ ರಿಮೆಂಬರ್ಡ್ ವಿಲೇಜ್' ಇವತ್ತಿಗೂ ಸಮಾಜಶಾಸ್ತ್ರದ ವಿದ್ಯಾರ್ಥಿಗಳು ಓದುವ ಪುಸ್ತಕ. ಕತೆ ಮುಗಿಸಿ ಕೇಳಿದೆ: ನಿನ್ನ ಲ್ಯಾಪ್‌ಟಾಪು, ಪೆನ್‌ಡ್ರೈವು ಎಲ್ಲವೂ ಕೆರೆಗೆ ಬಿದ್ದವು ಅಂದುಕೋ, ಏನು ಉಳಿಯುತ್ತೆ? ಅವಳು ಕಲೋಕ್ವಿಯಂನಲ್ಲಿ ಆಡಿದ ಆ ನಾಲ್ಕು ನಿಮಿಷದ ಮಾತನ್ನೇ ಮತ್ತೆ ಆಡಿದಳು. ಫೋನಿನಲ್ಲಿ ಧ್ವನಿಮುದ್ರಿಸಿಕೊಂಡೆವು. ಅದನ್ನು ಅವಳೇ ಇಂಗ್ಲಿಷಿಗೆ ತಂದಳು, ಸಣ್ಣ ಸಣ್ಣ ವಾಕ್ಯಗಳಲ್ಲಿ. ಈಗ ಅವಳ ಥೀಸಿಸ್‌ನ ಮೊದಲ ಪುಟ ಅದು.

ಬಿ.ಜಿ.ಎಲ್. ಸ್ವಾಮಿ ಸಸ್ಯಗಳ ಭ್ರೂಣವಿಜ್ಞಾನದ ಮೇಲೆ ಇಂಗ್ಲಿಷಿನಲ್ಲಿ ಬರೆದ ಪ್ರಬಂಧಗಳಿಂದ ವಿಜ್ಞಾನಿಗಳ ನಡುವೆ ಹೆಸರಾದವರು. ಹಾರ್ವರ್ಡ್‌ನಲ್ಲಿ ಕೆಲಸ ಮಾಡಿದವರು. ಅದೇ ಸಸ್ಯಗಳ ಸುತ್ತ ಕನ್ನಡದಲ್ಲಿ 'ಹಸುರು ಹೊನ್ನು' ಬರೆದರು, ಚಿತ್ರಗಳನ್ನೂ ತಾವೇ ಬಿಡಿಸಿದರು. ಅದಕ್ಕೆ 1978ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಎರಡು ಭಾಷೆಗಳಲ್ಲೂ ನೋಡಿದ ಕಣ್ಣು ಒಂದೇ.

ಆ ಧೈರ್ಯದಲ್ಲಿ ಮುಂದಿನ ಸಂಚಿಕೆಯಿಂದ ನಮ್ಮ ಪತ್ರಿಕೆ ಎರಡು ಪುಟವನ್ನು ಸಂಶೋಧನಾ ವಿದ್ಯಾರ್ಥಿಗಳಿಗೆ ಮೀಸಲಿಡುತ್ತದೆ. ಯಾವ ಶಾಸ್ತ್ರವಾದರೂ ಸರಿ, ನೀವು ಇಂಗ್ಲಿಷಿನಲ್ಲಿ ಬರೆಯುತ್ತಿರುವ ಥೀಸಿಸ್‌ನ ಜೀವವನ್ನು ಆರುನೂರು ಪದ ಮೀರದಂತೆ ಕನ್ನಡದಲ್ಲಿ ಬರೆದು ಕಳಿಸಿ. ಮೊದಲು ಮನೆಯವರ ಎದುರು ಬಾಯಿಬಿಟ್ಟು ಹೇಳಿ ನೋಡಿ. ಅವರು ಎಲ್ಲಿ ತಡೆದು ಪ್ರಶ್ನೆ ಕೇಳಿದರೋ ಆ ಜಾಗವನ್ನು ಮತ್ತೆ ಬರೆಯಿರಿ. ನೀವು ಕಂಡದ್ದು ಯಾವುದು, ಅಂತೆ ಯಾವುದು, ಯಾರ ಅಂತೆ ಎಂಬುದನ್ನು ಅಂಚಿನಲ್ಲಿ ಪೆನ್ಸಿಲಿನಿಂದ ಗುರುತಿಸಿರಿ. ಬಂದದ್ದನ್ನೆಲ್ಲ ನಾನೇ ಕೂತು ಓದುತ್ತೇನೆ, ಪ್ರಕಟವಾಗದ್ದಕ್ಕೂ ಉತ್ತರ ಬರೆಯುತ್ತೇನೆ.