‘ಇಂತಿ ತಮ್ಮ ವಿಧೇಯಳು’ ಅಂತ ಬರೆಯಲೇಬೇಕೇ?

ಮನೆಯ ಅಕ್ಕಿ-ಬೇಳೆ ಲೆಕ್ಕದ ಜೊತೆಗೆ ಕಾಗದಪತ್ರದ ಲೆಕ್ಕವೂ ಈಗ ಬಹುಪಾಲು ಗೃಹಿಣಿಯರದ್ದೇ. ಮಗುವಿಗೆ ಜ್ವರ ಬಂದರೆ ಶಾಲೆಗೆ ರಜಾ ಚೀಟಿ, ಮನೆ ಬದಲಾಯಿಸಿದರೆ ಬ್ಯಾಂಕಿಗೆ ಅರ್ಜಿ, ಕರೆಂಟ್ ಬಿಲ್ ವಿಪರೀತ ಬಂದರೆ ಬೆಸ್ಕಾಂಗೆ ದೂರು, ನೀರು ಬರದಿದ್ದರೆ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಗೊಂದು ಇ-ಮೇಲ್. ಹೇಳಬೇಕಾದ ವಿಷಯವನ್ನೇನೋ ಸರಾಗವಾಗಿ ಬರೆದುಬಿಡುತ್ತೇವೆ. ಪೆನ್ನು ತಡವರಿಸೋದು ಎರಡೇ ಕಡೆ. ಒಂದು, ಶುರು ಮಾಡುವಾಗ. ಇನ್ನೊಂದು, ಮುಗಿಸುವಾಗ.

ಆಗ ಕೈಹಿಡಿಯೋದು ಹೈಸ್ಕೂಲಿನಲ್ಲಿ ಉರು ಹೊಡೆದ ಮಾದರಿ ಪತ್ರ. ‘ರೆಸ್ಪೆಕ್ಟೆಡ್ ಸರ್’ ಅಂತ ಆರಂಭ, ‘ಯುವರ್ಸ್ ಒಬೀಡಿಯಂಟ್ಲಿ’ ಅಂತ ಮುಕ್ತಾಯ. ಕನ್ನಡದಲ್ಲಾದರೆ ‘ಇಂತಿ ತಮ್ಮ ವಿಧೇಯಳು’. ‘ಅಯ್ಯೋ, ಎರಡು ಪದ ತಾನೇ, ಅದಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳೋದು?’ ಅಂತೀರಾ? ಆ ಎರಡು ಪದದಲ್ಲೇ ನೀವು ಎಲ್ಲಿ ನಿಂತು ಮಾತಾಡುತ್ತಿದ್ದೀರಿ ಅನ್ನೋದು ಗೊತ್ತಾಗಿಬಿಡುತ್ತೆ, ನೋಡಿ.

ಸಂಬಂಧ ಮೊದಲು, ಪದ ಆಮೇಲೆ

ನಮ್ಮ ಅಜ್ಜಿಯರ ಕಾಲದ ಕಾಗದಗಳನ್ನು ನೆನಪಿಸಿಕೊಳ್ಳಿ. ತಂದೆಗೆ ‘ತೀರ್ಥರೂಪು’, ತಾಯಿಗೆ ‘ಮಾತೃಶ್ರೀ’, ಕಿರಿಯರಿಗೆ ‘ಚಿರಂಜೀವಿ’. ಕಿರಿಯರು ಬರೆದರೆ ನಮಸ್ಕಾರ, ಹಿರಿಯರು ಬರೆದರೆ ಆಶೀರ್ವಾದ. ಯಾರಿಗೆ ಯಾರು ಏನಾಗಬೇಕು ಅನ್ನುವುದರ ಮೇಲೆ ಅಲ್ಲಿ ಪದ ನಿರ್ಧಾರವಾಗುತ್ತಿತ್ತು. ಕಚೇರಿ ಪತ್ರಕ್ಕೂ ಇದೇ ಸೂತ್ರ ಸಾಕು. ಬರೆಯುವ ಮುಂಚೆ ಒಂದು ಕ್ಷಣ ಕೇಳಿಕೊಳ್ಳಿ: ‘ಇವರಿಗೂ ನನಗೂ ಏನು ಸಂಬಂಧ?’

ಬ್ಯಾಂಕ್ ಮ್ಯಾನೇಜರ್‌ಗೆ ನೀವು ಗ್ರಾಹಕಿ. ಸರ್ಕಾರಿ ಅಧಿಕಾರಿಗೆ ನೀವು ನಾಗರಿಕರು. ಮುಖ್ಯೋಪಾಧ್ಯಾಯರಿಗೆ ನೀವು ವಿದ್ಯಾರ್ಥಿಯ ತಾಯಿ. ಇವರಲ್ಲಿ ಯಾರಿಗೂ ನೀವು ‘ವಿಧೇಯಳು’ ಅಲ್ಲ. ವಿಧೇಯ ಅಂದರೆ ಹೇಳಿದಂತೆ ಕೇಳುವವರು ಅಂತ ಅರ್ಥ. ಮಗ ತನ್ನ ಟೀಚರ್‌ಗೆ ಹಾಗೆ ಬರೆದರೆ ಸರಿ, ಅವನು ಶಿಷ್ಯ. ಅವನ ಪರವಾಗಿ ನೀವು ಬರೆಯುವಾಗ ಅದು ಹೊಂದುವುದಿಲ್ಲ.

ಈ ಅಭ್ಯಾಸ ಎಲ್ಲಿಂದ ಬಂತು ಗೊತ್ತೇ? ಬ್ರಿಟಿಷರ ಕಾಲದ ಸರ್ಕಾರಿ ಪತ್ರಗಳು ‘ತಮ್ಮ ಅತ್ಯಂತ ವಿಧೇಯ ಸೇವಕ’ ಎಂಬರ್ಥದ ಸಾಲಿನಿಂದ ಮುಗಿಯುತ್ತಿದ್ದವು. ಅವರು ಹೋದರೂ ಅವರ ಸಾಲಿನ ನೆರಳು ನಮ್ಮ ರಜಾ ಚೀಟಿಯಲ್ಲಿ ಉಳಿದುಕೊಂಡಿದೆ. ಕೇರಳದ ಪಾಲಕ್ಕಾಡ್ ಜಿಲ್ಲೆಯ ಮಾತೂರು ಗ್ರಾಮ ಪಂಚಾಯ್ತಿ 2021ರಲ್ಲಿ ಒಂದು ತೀರ್ಮಾನ ಮಾಡಿತು. ತನ್ನ ಕಚೇರಿಯಲ್ಲಿ ಜನ ‘ಸರ್’, ‘ಮೇಡಂ’ ಅನ್ನಬೇಕಿಲ್ಲ, ಅರ್ಜಿಯಲ್ಲಿ ಬೇಡಿಕೊಳ್ಳುವ ಧಾಟಿಯೂ ಬೇಕಿಲ್ಲ, ಹಕ್ಕಿನಿಂದ ಕೇಳಬಹುದು ಅಂತ. 2005ರ ಮಾಹಿತಿ ಹಕ್ಕು ಕಾಯ್ದೆಯಂತೂ ಇನ್ನೂ ಮುಂದೆ ಹೋಗುತ್ತದೆ. ಅದರಡಿ ಅರ್ಜಿ ಹಾಕುವವರು ಮಾಹಿತಿ ಯಾಕೆ ಬೇಕು ಅಂತ ಕಾರಣ ಕೂಡ ಹೇಳಬೇಕಿಲ್ಲ. ಹೀಗಿರುವಾಗ ನಮ್ಮದೇ ಖಾತೆಯ ವಿಳಾಸ ತಿದ್ದಿಸಲು ‘ಕಳಕಳಿಯಿಂದ ಬೇಡಿಕೊಳ್ಳುತ್ತೇನೆ’ ಯಾಕೆ ಹೇಳಿ?

ಹಾಗಂತ ಒರಟಾಗಿ ಬರೆಯಿರಿ ಅಂತಲ್ಲ. ಗೌರವ ಬೇರೆ, ದೈನ್ಯ ಬೇರೆ. ಗೌರವದಲ್ಲಿ ಇಬ್ಬರ ಮಾನವೂ ಉಳಿಯುತ್ತದೆ, ದೈನ್ಯದಲ್ಲಿ ನಮ್ಮದು ಹೋಗುತ್ತದೆ.

ಕನ್ನಡದ ಚೆಂದದ ಪದ

ಆರಂಭಕ್ಕೆ ‘ಮಾನ್ಯರೇ’ ಅನ್ನುವುದಕ್ಕಿಂತ ಒಳ್ಳೆಯ ಪದ ಇನ್ನೊಂದಿಲ್ಲ. ಕುರ್ಚಿಯಲ್ಲಿ ಕೂತಿರುವವರು ಗಂಡಸೋ ಹೆಂಗಸೋ ಗೊತ್ತಿಲ್ಲದಿದ್ದರೂ ಇದು ಒಪ್ಪುತ್ತದೆ. ಶಾಖೆಯ ಮ್ಯಾನೇಜರ್, ತಹಶೀಲ್ದಾರ್, ಎಂಜಿನಿಯರ್ ಎಲ್ಲರೂ ಗಂಡಸರೇ ಇರಬೇಕು ಅಂತ ಹೆಂಗಸರಾದ ನಾವೇ ಅಂದುಕೊಂಡು ‘ಸರ್’ ಅಂತ ಬರೆದರೆ ಹೇಗೆ? ಮುಕ್ತಾಯಕ್ಕೆ ‘ವಂದನೆಗಳೊಂದಿಗೆ’ ಅಂತ ಒಂದು ಸಾಲು, ಅದರ ಕೆಳಗೆ ‘ಇಂತಿ ತಮ್ಮ ವಿಶ್ವಾಸಿ’ ಸಾಕು. ವಿಶ್ವಾಸ ಎರಡೂ ಕಡೆಯದು, ಅದರಲ್ಲಿ ಮೇಲು-ಕೀಳಿಲ್ಲ.

ದೂರು ಬರೆಯುವಾಗ ಸಿಟ್ಟು ಬರುವುದು ಸಹಜ. ಆದರೆ ಸಿಟ್ಟನ್ನು ‘ಇಂತಿ ನೊಂದ ಗ್ರಾಹಕಿ’ ಅಂತ ಸಹಿಯ ಮೇಲೆ ಸುರಿಯಬೇಡಿ. ಬಿಲ್ ಸಂಖ್ಯೆ, ತಾರೀಕು, ಎಷ್ಟು ಸಲ ಫೋನ್ ಮಾಡಿದಿರಿ ಎಂಬ ವಿವರಗಳನ್ನು ಪತ್ರದ ನಡುವೆ ಕೊಡಿ. ಆರಂಭ, ಮುಕ್ತಾಯ ತಣ್ಣಗಿರಲಿ. ಅಂಥ ದೂರನ್ನು ಪಕ್ಕಕ್ಕೆ ಸರಿಸುವುದು ಓದುವವರಿಗೆ ಕಷ್ಟ.

‘ಡಿಯರ್’ ಅಂದರೆ ತಪ್ಪಾಗುತ್ತಾ?

ಇಂಗ್ಲಿಷಿನಲ್ಲಿ ಬರೆಯುವಾಗ ಅನೇಕ ಗೃಹಿಣಿಯರಿಗೆ ಕಾಡುವ ಮುಜುಗರ ಇದು. ಗುರುತಿಲ್ಲದ ಗಂಡಸಿಗೆ ‘ಡಿಯರ್ ಸರ್’ ಅನ್ನೋದಾ ಅಂತ! ಸಂಕೋಚ ಬೇಡ. ಪತ್ರದಲ್ಲಿ ಅದು ಬರೀ ರೂಢಿಯ ಮಾತು, ಅದರಲ್ಲಿ ಸಲಿಗೆಯೇನೂ ಇಲ್ಲ. ‘ರೆಸ್ಪೆಕ್ಟೆಡ್ ಸರ್’ ನಮ್ಮ ದೇಶದಲ್ಲಿ ಬಳಕೆಯಲ್ಲಿದೆ ನಿಜ, ಆದರೆ ಹೊರದೇಶದ ಕಂಪನಿಗೆ ಬರೆಯುವಾಗ ‘ಡಿಯರ್’ ಮೇಲು.

ಹೆಸರು ಗೊತ್ತಿಲ್ಲದಿದ್ದರೆ ‘ಡಿಯರ್ ಸರ್ ಆರ್ ಮೇಡಂ’ ಅಂತ ಶುರು ಮಾಡಿ ‘ಯುವರ್ಸ್ ಫೇತ್‌ಫುಲಿ’ ಅಂತ ಮುಗಿಸಿ. ಹೆಸರು ಹಿಡಿದು ಬರೆದರೆ ‘ಯುವರ್ಸ್ ಸಿನ್ಸಿಯರ್ಲಿ’. ಇದು ಬ್ರಿಟಿಷ್ ಪದ್ಧತಿ, ನಮ್ಮಲ್ಲೂ ಇದೇ ನಡೆದುಬಂದಿದೆ. ಒಂದು ಸಣ್ಣ ಸೂಚನೆ: ‘ಯುವರ್ಸ್’ನಲ್ಲಿ ಎಸ್ ಅಕ್ಷರದ ಹಿಂದೆ ಅಪಾಸ್ಟ್ರಫಿ ಚಿಹ್ನೆ ಇಲ್ಲ. ಅದರ ಮುಂದಿನ ಪದ ಸಣ್ಣ ಅಕ್ಷರದಲ್ಲಿ ಶುರುವಾಗಬೇಕು.

ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ಕೆಲಸಕ್ಕೆ ಸೇರೋಣ ಅಂತ ಇ-ಮೇಲ್ ಕಳಿಸುವವರು ಇದನ್ನು ಮುಖ್ಯವಾಗಿ ಗಮನಿಸಿ. ಮೊದಲ ಪತ್ರದಲ್ಲಿ ‘ಡಿಯರ್’ ಜೊತೆಗೆ ಅವರ ಹೆಸರು, ಕೊನೆಗೆ ‘ರಿಗಾರ್ಡ್ಸ್’ ಇರಲಿ. ಅವರು ಉತ್ತರದಲ್ಲಿ ‘ಹಾಯ್’ ಅಂತ ನಿಮ್ಮ ಹೆಸರು ಬರೆದರೆ, ಮುಂದಿನ ಸಲ ನೀವೂ ಹಾಗೇ ಬರೆಯಬಹುದು. ಮೊದಲು ಅವರ ಧಾಟಿ ನೋಡಿ, ಆಮೇಲೆ ನಿಮ್ಮದನ್ನು ಸಡಿಲಿಸಿ.

ಹೆಂಗಸರಿಗೆ ಬರೆಯುವಾಗ ‘ಮಿಸ್’ ಅನ್ನೋದೋ ‘ಮಿಸೆಸ್’ ಅನ್ನೋದೋ ಅಂತ ಇನ್ನೊಂದು ಗೊಂದಲ. ಅದಕ್ಕೇ ‘ಮಿಜ್’ ಅಂತ ಮೂರನೆಯ ಪದ ಇದೆ. ಮದುವೆಯಾಗಿದೆಯೋ ಇಲ್ಲವೋ ಅನ್ನುವುದನ್ನು ಅದು ಕೇಳುವುದೇ ಇಲ್ಲ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಈ ಪದವನ್ನು ಒಪ್ಪಿಕೊಂಡದ್ದು 1986ರಲ್ಲಿ. ಗಂಡಸಿಗೆ ‘ಶ್ರೀ’ ಒಂದೇ ಸಾಕಾದರೆ ಹೆಂಗಸಿಗೆ ಮಾತ್ರ ಕುಮಾರಿ, ಸೌಭಾಗ್ಯವತಿ ಅಂತ ಲೆಕ್ಕ ಯಾಕೆ, ಅಲ್ಲವೇ?

ಸಹಿ ನಿಮ್ಮದಿರಲಿ

ಕೊನೆಯ ಮಾತು, ಎಲ್ಲಕ್ಕಿಂತ ಮುಖ್ಯವಾದದ್ದು. ಎಷ್ಟೋ ಮನೆಗಳಲ್ಲಿ ಪತ್ರ ಬರೆಯುವವಳು ಹೆಂಡತಿ, ಸಹಿ ಗಂಡನದ್ದು. ಅಥವಾ ‘ಮಿಸೆಸ್’ ಅಂತ ಬರೆದು ಗಂಡನ ಹೆಸರನ್ನೇ ಹಾಕಿ ಮುಗಿಸುತ್ತೇವೆ. ಖಾತೆ ನಿಮ್ಮದಾದರೆ, ದೂರು ನಿಮ್ಮದಾದರೆ, ಸಹಿಯ ಕೆಳಗೆ ನಿಮ್ಮ ಪೂರ್ತಿ ಹೆಸರನ್ನು ಬಿಡಿಸಿ ಬರೆಯಿರಿ. ಉತ್ತರ ಯಾರ ಹೆಸರಿಗೆ ಬರಬೇಕು ಅನ್ನುವುದು ಅಲ್ಲೇ ತೀರ್ಮಾನವಾಗುತ್ತದೆ. ಮುಂದೆ ಕಚೇರಿಗೆ ಹೋಗಿ ವಿಚಾರಿಸುವಾಗ ‘ನಿಮ್ಮ ಯಜಮಾನರನ್ನು ಕಳಿಸಿ’ ಅಂತ ಹೇಳಲು ಅವರಿಗೆ ದಾರಿ ಇರುವುದಿಲ್ಲ.

ನೆನಪಿಡಿ

* ‘ವಿಷಯ’ ಅಂತ ಒಂದು ಸಾಲು ‘ಮಾನ್ಯರೇ’ ಹತ್ತಿರವೇ ಇರಲಿ. ಇ-ಮೇಲ್‌ನಲ್ಲೂ ಆ ಜಾಗ ಖಾಲಿ ಬಿಡಬೇಡಿ.
* ಅಧಿಕಾರಿಯ ಹೆಸರು ಗೊತ್ತಿದ್ದರೆ ಕಾಗುಣಿತ ಸರಿಯಾಗಿದೆಯೇ ನೋಡಿಕೊಳ್ಳಿ. ಹೆಸರು ತಪ್ಪಾದರೆ ‘ಮಾನ್ಯ’ ಅಂದೂ ಪ್ರಯೋಜನವಿಲ್ಲ.
* ಟೀಚರ್‌ಗೆ ವಾಟ್ಸ್‌ಆ್ಯಪ್ ಮಾಡುವಾಗಲೂ ‘ನಮಸ್ತೆ’ ಹೇಳಿ, ನೀವು ಯಾರ ತಾಯಿ, ಮಗು ಯಾವ ತರಗತಿ ಅಂತ ತಿಳಿಸಿ ಮಾತು ಶುರು ಮಾಡಿ.
* ಮನೆಯಲ್ಲೇ ಹೊಲಿಗೆಯೋ ಹಪ್ಪಳದ ವ್ಯಾಪಾರವೋ ಇದ್ದರೆ ಗಿರಾಕಿಗಳಿಗೆ ‘ಡಿಯರ್’, ‘ಡಾರ್ಲಿಂಗ್’ ಬೇಡ. ಹೆಸರಿನ ಜೊತೆ ‘ಅವರೇ’ ಅಂದರೆ ಆಪ್ತವಾಗಿಯೂ ಇರುತ್ತೆ, ಗೌರವವೂ ಇರುತ್ತೆ.
* ಪತ್ರದ ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಕಚೇರಿಯಲ್ಲಿ ಕೊಟ್ಟರೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಮುಂದಿನ ಸಲ ಅರ್ಜಿ ಬರೆಯಲು ಕೂತಾಗ ಹಳೆಯ ಮಾದರಿಯನ್ನು ಪಕ್ಕಕ್ಕಿಡಿ. ‘ಮಾನ್ಯರೇ’ ಅಂತ ಶುರು ಮಾಡಿ, ಹೇಳಬೇಕಾದ್ದನ್ನು ನೇರವಾಗಿ ಹೇಳಿ, ವಂದನೆ ತಿಳಿಸಿ, ನಿಮ್ಮದೇ ಹೆಸರು ಬರೆದು ಸಹಿ ಮಾಡಿ. ಅಷ್ಟೇ. ಬರೆದು ನೋಡಿ, ಬೆನ್ನು ತಾನಾಗಿ ನೆಟ್ಟಗಾಗುತ್ತದೆ!