ಶಾಲೆಯ ಬಾಗಿಲು ಯಾರಿಗಾಗಿ ತೆರೆದಿರಬೇಕು?

ಮುಂಗಾರು ಮಳೆ ಹಿಡಿಯುವ ಹೊತ್ತಿಗೆ ಮಕ್ಕಳು ಹೊಸ ಕೊಡೆ, ಹೊಸ ಚೀಲಗಳೊಡನೆ ಶಾಲೆಯ ಹಾದಿ ಹಿಡಿಯುತ್ತಾರೆ. ಅದೇ ಜೂನ್ ತಿಂಗಳ 21ರಂದು ಪವಿತ್ರಸಭೆಯು ವಿದ್ಯಾರ್ಥಿಗಳ ಪಾಲಕ ಸಂತ ಅಲೋಶಿಯಸ್ ಗೊನ್ಝಾಗಾರ ಹಬ್ಬವನ್ನು ಆಚರಿಸುತ್ತದೆ. ಸಿರಿವಂತ ಮನೆತನದ ಹಿರಿಯ ಮಗನಾಗಿ ಹುಟ್ಟಿದ ಈ ಯುವಕ ಉತ್ತರಾಧಿಕಾರವನ್ನು ತ್ಯಜಿಸಿ ಯೇಸುಸಭೆಯನ್ನು ಸೇರಿದರು. 1591ರಲ್ಲಿ ರೋಮ್ ನಗರದಲ್ಲಿ ಸಾಂಕ್ರಾಮಿಕ ರೋಗ ಹರಡಿದಾಗ ರೋಗಿಗಳ ಸೇವೆ ಮಾಡುತ್ತಾ ತಾವೂ ಆ ರೋಗಕ್ಕೆ ತುತ್ತಾಗಿ, 23ನೆಯ ವಯಸ್ಸಿನಲ್ಲಿ ದೇಹಬಿಟ್ಟರು. ಅವರ ಹೆಸರನ್ನು ಹೊತ್ತ ಮಂಗಳೂರಿನ ವಿದ್ಯಾಸಂಸ್ಥೆಯ ಕಥೆಯನ್ನು ಈ ಸಂದರ್ಭದಲ್ಲಿ ನೆನೆಯುವುದು ಉಚಿತವೆಂದು ಭಾವಿಸುತ್ತೇವೆ. ಅದು ಕೇವಲ ಹಳೆಯ ಹಿರಿಮೆಯ ಕಥೆಯಲ್ಲ. ಇಂದಿನ ನಮ್ಮ ಕುಟುಂಬಗಳಿಗೆ ಅದು ಒಂದು ಪ್ರಶ್ನೆಯನ್ನೂ ಕೇಳುತ್ತದೆ.

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಮಂಗಳೂರಿನ ಕಥೋಲಿಕರು ಬಹುಮಟ್ಟಿಗೆ ಕೃಷಿಯನ್ನೇ ನಂಬಿದವರು. ಉನ್ನತ ವಿದ್ಯೆಯಿಲ್ಲದೆ ತಮ್ಮ ಮಕ್ಕಳಿಗೆ ಏಳಿಗೆಯಿಲ್ಲವೆಂಬುದನ್ನು ನಮ್ಮ ಹಿರಿಯರು ಮನಗಂಡಿದ್ದರು. ಹೆಣ್ಣುಮಕ್ಕಳ ವಿದ್ಯೆಗೂ ದಾರಿ ತೆರೆಯಿತೆಂಬುದು ಗಮನಾರ್ಹ. 1870ರಲ್ಲಿಯೇ ಅಪೊಸ್ತಲಿಕ ಕಾರ್ಮೆಲ್ ಸಭೆಯ ಧರ್ಮಭಗಿನಿಯರು ಕಡಲು ದಾಟಿ ಬಂದು ಸಂತ ಆನ್ನಾ ಶಾಲೆಯ ಹೊಣೆಯನ್ನು ವಹಿಸಿಕೊಂಡರು. ಗಂಡುಮಕ್ಕಳಿಗಾಗಿ ಯೇಸುಸಭೆಯ ಗುರುಗಳನ್ನು ಕಳುಹಿಸಬೇಕೆಂದು ಜನರು ರೋಮ್‌ಗೆ ಮನವಿ ಸಲ್ಲಿಸಿದ್ದರು. ಕೊನೆಗೆ 13ನೆಯ ಲಿಯೋ ಜಗದ್ಗುರುಗಳ ಆದೇಶದಂತೆ 1878ರ ಡಿಸೆಂಬರ್ 31ರಂದು ಆ ಸಭೆಯ ಮೊದಲ ತಂಡ ಮಂಗಳೂರಿನಲ್ಲಿ ಬಂದಿಳಿಯಿತು. ಒಂದು ವರ್ಷ ಕಳೆದ ಬಳಿಕ, 1880ರ ಜನವರಿ 12ರಂದು, ಸುಮಾರು 150 ವಿದ್ಯಾರ್ಥಿಗಳೊಡನೆ ಸಂತ ಅಲೋಶಿಯಸ್ ಸಂಸ್ಥೆ ಆರಂಭವಾಯಿತು. ಆಗ ಅದಕ್ಕೆ ಸ್ವಂತ ಸೂರು ಇರಲಿಲ್ಲ. ಸಮುದಾಯದ ದಾನಿ ಲಾರೆನ್ಸ್ ಲೋಬೊ ಪ್ರಭುಗಳು ಗುಡ್ಡದ ಮೇಲಿನ ಭೂಮಿಯನ್ನು ಕೊಟ್ಟರು. 1885ರ ವೇಳೆಗೆ ಅಲ್ಲಿ ಕಟ್ಟಡ ಎದ್ದು ನಿಂತಿತು.

ಪರದೇಶದ ಗುರುಗಳ ತ್ಯಾಗವೂ ಊರಿನ ಜನರ ಹಂಬಲವೂ ಒಂದಾದುದರಿಂದಲೇ ಈ ಶಾಲೆ ಹುಟ್ಟಿತು. ಮೊದಲ ತಂಡದಲ್ಲಿ ಬಂದ ವಂದನೀಯ ಆಗಸ್ಟಸ್ ಮುಲ್ಲರ್‌ರವರು ಇಲ್ಲಿ ಪಾಠ ಹೇಳುತ್ತಲೇ ಬಡವರಿಗೆ ಹೋಮಿಯೋಪತಿ ಔಷಧ ಕೊಡತೊಡಗಿದರು. 1890ರಲ್ಲಿ ಕಂಕನಾಡಿಯಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಸಹೋದರ ಅಂತೋನಿಯೊ ಮೊಸ್ಕೆನಿಯವರು 1899ರಿಂದ 1901ರವರೆಗೆ ದುಡಿದು ಪ್ರಾರ್ಥನಾಲಯದ ಗೋಡೆ ಮತ್ತು ಮೇಲ್ಛಾವಣಿಗಳನ್ನು ಚಿತ್ರಗಳಿಂದ ತುಂಬಿಸಿದರು. ಇಂದು ಪ್ರವಾಸಿಗರು ಆ ಚಿತ್ರಗಳನ್ನು ನೋಡಲು ದೂರದೂರಗಳಿಂದ ಬರುತ್ತಾರೆ. ಆದರೆ ಅವು ಮೂಡಿದ್ದು ಪ್ರವಾಸಿಗರಿಗಾಗಿ ಅಲ್ಲ. ಅಲ್ಲಿ ಮೊಣಕಾಲೂರುವ ಬಾಲಕರ ಕಣ್ಣಿಗೆ ಸಂತರ ಬದುಕು ಕಾಣಲೆಂದು. ತರಗತಿಯಲ್ಲಾದರೋ ಎಲ್ಲ ಸಮುದಾಯಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತರು. ಲೋಕಸಭೆಯ ಸಭಾಧ್ಯಕ್ಷರಾಗಿದ್ದ ಕೆ. ಎಸ್. ಹೆಗ್ಡೆಯವರು ಇಲ್ಲಿ ಓದಿದವರು. ಪಂಡಿತ ಸೇಡಿಯಾಪು ಕೃಷ್ಣ ಭಟ್ಟರು ಇಲ್ಲಿ ಕನ್ನಡ ಕಲಿಸಿದವರು. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಪಾಠದಲ್ಲಿ ಕನ್ನಡ ಹಾಗೂ ಇಂಗ್ಲಿಷ್ ಎಂಬ ನಮ್ಮೂರಿನ ಸೌಹಾರ್ದವನ್ನು ಇಂತಹ ಶಾಲೆಗಳು ಹಲವು ತಲೆಮಾರುಗಳವರೆಗೆ ಕಾಪಾಡಿದವು. ಅಂದು ತೆರೆದ ಸಂಸ್ಥೆ 2024ರಲ್ಲಿ ಪರಿಗಣಿತ ವಿಶ್ವವಿದ್ಯಾಲಯದ ಸ್ಥಾನಕ್ಕೇರಿತು.

ಇದು ನಮಗೆ ಹೆಮ್ಮೆಯ ವಿಷಯವೇ ಸರಿ. ಆದರೆ ಹೆಮ್ಮೆಯಷ್ಟೇ ಸಾಲದು. 1973ರಲ್ಲಿ ಸ್ಪೇನಿನ ವಲೆನ್ಸಿಯಾ ನಗರದಲ್ಲಿ ಯೇಸುಸಭೆಯ ಶಾಲೆಗಳ ಹಳೆ ವಿದ್ಯಾರ್ಥಿಗಳು ಸೇರಿದ್ದಾಗ, ಆ ಸಭೆಯ ಮಹಾಶ್ರೇಷ್ಠರಾಗಿದ್ದ ಪೆದ್ರೊ ಅರೂಪೆಯವರು, ತಮ್ಮ ಸಭೆ ಅವರಿಗೆ ನ್ಯಾಯಕ್ಕಾಗಿ ದುಡಿಯುವ ಶಿಕ್ಷಣವನ್ನು ಕೊಟ್ಟಿದೆಯೇ ಎಂದು ಕೇಳಿ, ಇಲ್ಲವೆಂದು ತಾವೇ ಒಪ್ಪಿಕೊಂಡರು. ಪರರಿಗಾಗಿ ಬಾಳುವವರನ್ನು ರೂಪಿಸುವುದೇ ಶಿಕ್ಷಣದ ಗುರಿಯೆಂದರು. ಆ ಆತ್ಮಪರೀಕ್ಷೆ ನಮ್ಮ ಪಾಲಿಗೂ ಬಂದಿದೆ.

ಏಕೆಂದರೆ ನಮ್ಮ ಚರ್ಚ್‌ಗಳ ಆವರಣದಲ್ಲಿರುವ ಎಷ್ಟೋ ಹಳೆಯ ಅನುದಾನಿತ ಪ್ರೌಢಶಾಲೆಗಳು ಸೊರಗುತ್ತಿವೆ. ನಿವೃತ್ತರಾದ ಶಿಕ್ಷಕರ ಸ್ಥಾನಗಳು ವರ್ಷಗಟ್ಟಲೆ ಖಾಲಿ ಉಳಿಯುತ್ತವೆ. ಗೌರವಧನದ ಮೇಲೆ ದುಡಿಯುವ ಶಿಕ್ಷಕಿಯರಿಗೆ ಬದುಕಲು ಸಾಲುವಷ್ಟು ಸಂಬಳ ಕೊಡಲಾಗದೆ ಆಡಳಿತ ಮಂಡಳಿಗಳು ಕಂಗೆಟ್ಟಿವೆ. ಉಳ್ಳವರು ತಮ್ಮ ಮಕ್ಕಳನ್ನು ದೂರದ ದುಬಾರಿ ಶಾಲೆಗಳ ವಾಹನ ಹತ್ತಿಸುತ್ತಾರೆ. ಕನ್ನಡ ಮಾಧ್ಯಮದ ತರಗತಿಯಲ್ಲಿ ಉಳಿಯುವವರು ಕೂಲಿಕಾರರ, ವಲಸೆ ಬಂದವರ ಮಕ್ಕಳು. ತಾನು ಕಲಿತ ಶಾಲೆಯ ಮುಂದೆಯೇ ತನ್ನ ಮಗುವನ್ನು ಬೇರೆ ಶಾಲೆಗೆ ಕರೆದೊಯ್ಯುವ ತಂದೆಯನ್ನು ನಾವು ದೂಷಿಸಲಾರೆವು. ಮಗುವಿನ ಭವಿಷ್ಯದ ಚಿಂತೆ ಅವನದು. ಆದರೆ ಉಳಿದ ಮಕ್ಕಳ ಚಿಂತೆ ಯಾರದು?

ನಮ್ಮ ಸಂವಿಧಾನದ 30ನೆಯ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಆಯ್ಕೆಯ ವಿದ್ಯಾಸಂಸ್ಥೆಗಳನ್ನು ಕಟ್ಟಿ ನಡೆಸುವ ಹಕ್ಕನ್ನು ಕೊಟ್ಟಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯು ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಅನ್ವಯಿಸದೆಂದು ಸುಪ್ರೀಂ ಕೋರ್ಟು 2014ರಲ್ಲಿ ತೀರ್ಪಿತ್ತಿತು. ಆ ತೀರ್ಪನ್ನು ಮತ್ತೆ ಪರಿಶೀಲಿಸಬೇಕೆಂಬ ಮಾತು 2025ರಲ್ಲಿ ಅದೇ ನ್ಯಾಯಾಲಯದಲ್ಲಿ ಎದ್ದಿದೆ. ಹಕ್ಕಿನ ರಕ್ಷಣೆಗೆ ನಾವು ದನಿಯೆತ್ತಲೇಬೇಕು. ಆದರೆ ಬಡ ಮಗುವಿಗೆ ಬೆಂಚಿನಲ್ಲಿ ಸ್ಥಳ ಕೊಡಲು ನಮಗೆ ಕಾನೂನಿನ ಒತ್ತಾಯ ಬೇಕಾಗಬಾರದು. ಎರಡನೆಯ ವಾಟಿಕನ್ ಮಹಾಸಭೆ 1965ರಲ್ಲಿ ಹೊರಡಿಸಿದ ಶಿಕ್ಷಣದ ಘೋಷಣೆಯು ಬಡವರಿಗೂ, ಕುಟುಂಬದ ಆಸರೆಯಿಲ್ಲದವರಿಗೂ ಕಥೋಲಿಕ ಶಾಲೆಗಳ ವಿಶೇಷ ಕಾಳಜಿ ಸಲ್ಲಬೇಕೆಂದು ತಿಳಿಸಿದೆ.

ಹಾಗಾದರೆ ಮಾಡಬೇಕಾದುದೇನು? ಹಳೆ ವಿದ್ಯಾರ್ಥಿ ಸಂಘಗಳು ವರ್ಷಕ್ಕೊಮ್ಮೆ ಭೋಜನಕೂಟ ನಡೆಸಿ ಸುಮ್ಮನಾಗದೆ ಒಬ್ಬ ಶಿಕ್ಷಕರ ವೇತನದ ಹೊಣೆಯನ್ನಾದರೂ ಹೊರಲಿ. ಚರ್ಚ್ ಪಾಲನಾ ಮಂಡಳಿಗಳು ಹಬ್ಬದ ಖರ್ಚಿನ ಒಂದು ಪಾಲನ್ನು ಶಾಲೆಯ ಗ್ರಂಥಾಲಯಕ್ಕೆ ಮೀಸಲಿಡಲಿ. ವಾಳೆಯ ಗುರ್ಕಾರರು ಶಾಲೆ ಬಿಟ್ಟ ಮಕ್ಕಳಿರುವ ಮನೆಗಳನ್ನು ಗುರುತಿಸಲಿ. ಆ ಮನೆ ಯಾವ ಮತದ್ದೆಂದು ಕೇಳದಿರಲಿ. ನಿವೃತ್ತ ಅಧ್ಯಾಪಕರು ವಾರದಲ್ಲಿ ಎರಡು ಸಂಜೆ ಗಣಿತವನ್ನೋ ಇಂಗ್ಲಿಷನ್ನೋ ಕಲಿಸಲಿ. ಪ್ರವೇಶದ ವೇಳೆ ಶುಲ್ಕ ಕಟ್ಟಲಾರದ ತಾಯಿ ಕಚೇರಿಯ ಮುಂದೆ ತಲೆತಗ್ಗಿಸಿ ನಿಲ್ಲದಂತೆ ಆಡಳಿತ ಮಂಡಳಿಗಳು ನೋಡಿಕೊಳ್ಳಲಿ.

ನಮ್ಮ ಹಿರಿಯರಲ್ಲಿ ಹಣವಿದ್ದವರು ಕೆಲವರೇ. ಆದರೂ ಮಕ್ಕಳಿಗೆ ಶಾಲೆ ಬೇಕೆಂದು ಅವರು ರೋಮಿನ ತನಕ ಮೊರೆಯಿಟ್ಟರು, ಭೂಮಿ ಕೊಟ್ಟರು, ಕಾದರು. ನಾವಾದರೋ ಕಟ್ಟಿದ ಶಾಲೆಯನ್ನು ಉಳಿಸಿಕೊಂಡರೆ ಸಾಕು. ರೋಗಿಯನ್ನು ಹೆಗಲ ಮೇಲೆ ಹೊತ್ತು ನಡೆದ ಆ ಯುವ ಸಂತನ ಹಬ್ಬದಂದು, ನಮ್ಮ ಹೆಗಲಿಗೆ ಬಂದಿರುವ ಈ ಭಾರವನ್ನು ಹೊರುವ ಮನಸ್ಸನ್ನು ದೇವರು ನಮಗೆಲ್ಲರಿಗೂ ಕೊಡಲೆಂದು ಹಾರೈಸುತ್ತೇವೆ.